ಕೈಬಿಟ್ಟ ಪರ್ಸಿ ಗಣಿಗಳು

ನಮ್ಮ ಬ್ರಹ್ಮಪುರದ ಹಳೆಯ ಮನೆಗಳಲ್ಲಿ ಪಡಸಾಲೆಯ ನೆಲ ಪರ್ಸಿ, ಅಡುಗೆಮನೆಯ ಕಟ್ಟೆ ಪರ್ಸಿ, ಗೋಡೆಯೊಳಗಿನ ಮಾಡದ ಹಲಗೆ ಪರ್ಸಿ, ಬಚ್ಚಲಲ್ಲಿ ಅರಿವೆ ಒಗೆಯುವ ಕಲ್ಲೂ ಪರ್ಸಿಯೇ. ಬೇಸಿಗೆಯ ಮಧ್ಯಾಹ್ನ ಚಾಪೆಯಿಲ್ಲದೆ ಅದರ ಮೇಲೆ ಮಲಗಿದ ಸುಖವನ್ನು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಈ ಕಲ್ಲು ಹೇಗೆ ಹೊರಗೆ ಬಂತು, ಅದನ್ನು ತೆಗೆದ ಜಾಗ ಈಗ ಏನಾಗಿದೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು 'ಶಹಾಬಾದ' ಎಂದು ಊರಿನ ಹೆಸರು ಹೇಳಿ ಸುಮ್ಮನಾಗುತ್ತೇವೆ. ನಾವು ಐವರು ಸಹಪಾಠಿಗಳು ರಜೆಯ ಎರಡು ದಿನ ಆ ಭಾಗದ ಕೈಬಿಟ್ಟ ಗಣಿಗಳನ್ನು ಸುತ್ತಿ ನೋಡಿ ಬಂದೆವು. ಪ್ರವಾಸದ ಕಥೆ ಹೇಳುವುದಕ್ಕಿಂತ, ಅಲ್ಲಿ ಕಂಡದ್ದರ ಅರ್ಥವನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಕಲಬುರಗಿ ನಗರ ನಿಂತಿರುವುದು ಕಪ್ಪು ಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ನೆಲವನ್ನು ಮುಚ್ಚಿದ ಲಾವಾರಸ ಆರಿ ಆದ ಕಲ್ಲು ಅದು. ನಮ್ಮ ಎರೆಮಣ್ಣು ಅದರಿಂದಲೇ ಹುಟ್ಟಿದ್ದು. ದಕ್ಷಿಣಕ್ಕೆ ಶಹಾಬಾದ, ವಾಡಿಗಳ ಕಡೆ ಹೋದಂತೆ ಈ ಹೊದಿಕೆ ತೆಳ್ಳಗಾಗಿ ಮುಗಿದು, ಅದರ ಅಡಿಯಲ್ಲಿದ್ದ ಬೂದುಬಣ್ಣದ ಸುಣ್ಣಕಲ್ಲು ಬೆಳಕಿಗೆ ಬರುತ್ತದೆ. ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಈ ಶಿಲೆಗಳು ಕಪ್ಪು ಕಲ್ಲಿಗಿಂತ ಎಷ್ಟೋ ಪಟ್ಟು ಹಳೆಯವು. ಒಂದು ಕಾಲಕ್ಕೆ ಇಲ್ಲಿ ಸಮುದ್ರವಿತ್ತು. ಅದರ ಶಾಂತವಾದ ನೀರಿನ ತಳದಲ್ಲಿ ನುಣುಪಾದ ಸುಣ್ಣದ ಕೆಸರು ತೆಳುವಾಗಿ ಇಳಿಯಿತು. ನಡುನಡುವೆ ಜೇಡಿಯ ಪೊರೆ ಕೂತಿತು. ಮತ್ತೆ ಸುಣ್ಣ, ಮತ್ತೆ ಜೇಡಿ. ಮೇಲಿನ ಭಾರಕ್ಕೆ ಕೆಸರು ಗಟ್ಟಿಯಾಗಿ ಕಲ್ಲಾಯಿತು, ಆದರೆ ಜೇಡಿಯ ಪೊರೆ ಮಾತ್ರ ದುರ್ಬಲವಾಗಿಯೇ ಉಳಿಯಿತು. ಪರ್ಸಿ ಹಪ್ಪಳದ ಕಟ್ಟಿನಂತೆ ಪದರು ಪದರಾಗಿ ಬಿಡುವುದರ ಗುಟ್ಟು ಇಷ್ಟೇ. ಇದು ಸುಣ್ಣಕಲ್ಲೆಂಬುದಕ್ಕೆ ಪ್ರಯೋಗಶಾಲೆಯ ಸಾಕ್ಷಿ ಬೇಡ. ನಿಂಬೆಹಣ್ಣಿನ ರಸ ನೆಲದ ಮೇಲೆ ಚೆಲ್ಲಿದಾಗ ಅಲ್ಲಿ ಹೊಳಪು ಹೋಗಿ ಮಾಸಿದ ಕಲೆ ಉಳಿಯುತ್ತದಲ್ಲ, ಹುಳಿ ಸುಣ್ಣವನ್ನು ತಿಂದ ಗುರುತು ಅದು. ಅದಕ್ಕಾಗಿ ತಾಯಂದಿರಿಂದ ಬೈಸಿಕೊಳ್ಳದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರ.

ಈ ಕಲ್ಲಿನ ಬೆಲೆ ತಿಳಿದವರು ನಾವು ಮೊದಲಿಗರಲ್ಲ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾತೀರದ ಸನ್ನತಿಗೆ ಹತ್ತಿರವಿರುವ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಹೊರಬಂದ ಬೌದ್ಧ ಸ್ತೂಪದ ಶಿಲ್ಪಫಲಕಗಳೆಲ್ಲ ಈ ಸೀಮೆಯ ಸುಣ್ಣಕಲ್ಲಿನವೇ. ಅಶೋಕನ ಹೆಸರನ್ನು ಪಕ್ಕದಲ್ಲೇ ಕೆತ್ತಿರುವ ಅವನ ಶಿಲ್ಪ ದೊರೆತದ್ದು ಅಲ್ಲಿಯೇ. ಎರಡು ಸಾವಿರ ವರ್ಷಗಳ ಹಿಂದೆಯೂ ಯಾರೋ ಈ ಪದರುಗಳಲ್ಲಿ ಬೆಣೆ ಹೊಡೆದು ದೊಡ್ಡ ಹಾಸುಗಳನ್ನು ಎಬ್ಬಿಸಿದ್ದರು. ಆದರೆ ಪರ್ಸಿ ದೂರದ ಊರುಗಳ ಸರಕಾದದ್ದು ರೈಲು ಬಂದ ಮೇಲೆ. ಮುಂಬಯಿ ಕಡೆಯ ದಾರಿ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ದಾರಿ ಒಡೆಯಿತು. ಎತ್ತಿನ ಬಂಡಿಯಲ್ಲಿ ಹತ್ತು ಹರದಾರಿ ದಾಟದಿದ್ದ ಭಾರದ ಕಲ್ಲು ವ್ಯಾಗನ್ನು ಏರಿ ಹೋಗಿ ಪರಊರುಗಳ ನೆಲವಾಯಿತು.

ಇನ್ನು ಗಣಿಯ ವಿಷಯ. ಕೋಲಾರದ ಚಿನ್ನದ ಗಣಿಯಂತೆ ಇದು ನೆಲದೊಳಗೆ ಸುರಂಗ ಕೊರೆದ ಗಣಿಯಲ್ಲ. ಮೇಲಿನಿಂದ ತೆರೆದು ಇಳಿದ ಹೊಂಡ. ಮೊದಲು ಮಣ್ಣು, ಗರಸು ತೆಗೆಯಬೇಕು. ಅದರ ಕೆಳಗಿನ ಕೆಲವು ಪದರುಗಳು ಬಿಸಿಲು ಮಳೆಗೆ ಸೀಳಿ ಹಾಳಾಗಿರುತ್ತವೆ, ಅವೂ ರಾಶಿಗೆ. ಆಮೇಲೆ ಸಿಗುವುದು ಮಾರುವ ಕಲ್ಲು. ನಿಸರ್ಗವೇ ಅದರಲ್ಲಿ ನೆಟ್ಟಗಿನ ಬಿರುಕುಗಳನ್ನು ಹೆಚ್ಚುಕಡಿಮೆ ಮೂಲೆಮಟ್ಟಕ್ಕೆ ಹಾಕಿಟ್ಟಿದೆ. ಬರಿದಾದ ಗಣಿಯ ತಳದಲ್ಲಿ ನಿಂತರೆ ಯಾರೋ ಮೊದಲೇ ನೆಲಗಟ್ಟು ಹಾಸಿದ್ದಾರೆಂಬ ಭ್ರಮೆ ಹುಟ್ಟುವುದು ಅದರಿಂದ. ಕೆಲಸಗಾರ ಬಿರುಕನ್ನು ಗುರುತಿಸಿ, ಉಳಿಯಿಂದ ಗೆರೆ ಕಡಿದು, ಪದರಿನ ಸಂದಿಗೆ ಬೆಣೆ ಬಡಿದು, ಹಾರೆಯಿಂದ ಮೀಟಿ ಹಾಸನ್ನು ಎಬ್ಬಿಸುತ್ತಾನೆ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ನುಡಿದರೆ ಕಲ್ಲು ಗಟ್ಟಿ. ಮಂಕಾಗಿ ನುಡಿದರೆ ಒಳಗೆ ಸೀಳಿದೆ. ಗಣಿಯ ದಂಡೆಯಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜರೊಬ್ಬರು ಮೊದಲು ಅಲ್ಲೇ ಕೆಲಸ ಮಾಡಿದವರು. ನಮ್ಮ ಕೈಗೆ ಎರಡು ತುಂಡು ಕೊಟ್ಟು, "ಕಣ್ಣಿಲೆ ನೋಡಬ್ಯಾಡ ತಮ್ಮಾ, ಕಿವಿಲೆ ನೋಡು" ಎಂದರು. ಎರಡೂ ನೋಡಲು ಒಂದೇ ಇದ್ದವು, ದನಿ ಬೇರೆಯಿತ್ತು.

ಕೈಬಿಟ್ಟ ಗಣಿಯನ್ನು ಏಕೆ ಬಿಟ್ಟರೆಂಬುದನ್ನು ಗಣಿಯೇ ಹೇಳುತ್ತದೆ. ಒಂದು ಕಡೆ ಗೋಡೆಯಲ್ಲಿ ಪದರುಗಳು ಕೆಳಗಿಳಿದಂತೆ ದಪ್ಪವಾಗಿ, ಸೀಳಲು ಬಾರದಂತಾಗಿದ್ದವು. ಇನ್ನೊಂದರಲ್ಲಿ ಕಲ್ಲು ಚೆನ್ನಾಗಿಯೇ ಇತ್ತು, ಆದರೆ ಮುಂದೆ ಸರಿಯಬೇಕಾದ ದಿಕ್ಕಿನಲ್ಲಿ ಆಳೆತ್ತರಕ್ಕೂ ಮಿಕ್ಕ ಮಣ್ಣು; ಅದನ್ನು ಎತ್ತಿಹಾಕುವ ಕೂಲಿಗೆ ಕಲ್ಲಿನ ಬೆಲೆ ಸಾಲದು. ಬಹಳ ಕಡೆ ಗಣಿಯನ್ನು ನಿಲ್ಲಿಸಿದ್ದು ನೀರು. ಊಟೆ ಒಡೆದ ಮೇಲೆ ಪಂಪು ಹಚ್ಚಿ ಬಸಿಯುವ ಖರ್ಚು ಸಣ್ಣ ಗುತ್ತಿಗೆದಾರನಿಗೆ ಏಳುವುದಿಲ್ಲ. ಹೊಳೆಯುವ ಟೈಲ್ಸು, ಗ್ರಾನೈಟುಗಳು ಮನೆಮನೆಗೆ ಬಂದು ಪರ್ಸಿಯ ಬೇಡಿಕೆ ತಗ್ಗಿದ ಮೇಲಂತೂ ಕೇಳುವುದೇ ಬೇಡ. (ಟೈಲ್ಸಿನ ಮೇಲೆ ಬೇಸಿಗೆಯಲ್ಲಿ ಮಲಗಿ ನೋಡಿದವರು ನ್ಯಾಯ ಹೇಳಲಿ.) ಒಡೆದು ರಾಶಿಯಾದ ಚೂರುಗಳ ದಿಬ್ಬಗಳು ಮಾತ್ರ ಎಲ್ಲ ಕಡೆ ಒಂದೇ ರೀತಿ. ಮಾರಿದ ಕಲ್ಲಿಗಿಂತ ಬಿಸಾಡಿದ ಕಲ್ಲೇ ಹೆಚ್ಚೇನೋ ಎನ್ನಿಸುವಷ್ಟು.

ನೀರು ತುಂಬಿದ ಗಣಿ ನೋಡಲು ಬಹು ಸುಂದರ. ಹಸಿರು ನೀಲಿ ನೀರು, ಮೆಟ್ಟಿಲಿನಂಥ ದಂಡೆ, ಮಧ್ಯಾಹ್ನದ ನಿಶ್ಶಬ್ದ. ನಮ್ಮಲ್ಲಿ ಒಬ್ಬ ಅಂಗಿ ಬಿಚ್ಚಿ ನಿಂತೇಬಿಟ್ಟಿದ್ದ. ಅಜ್ಜರು ಕೋಲು ಅಡ್ಡ ಹಿಡಿದರು. ಅದು ಕೆರೆಯಲ್ಲ, ಬಾವಿಯೂ ಅಲ್ಲ. ಕೆರೆಗೆ ಇಳಿಜಾರಾದ ದಡವಿದೆ, ಕಟ್ಟಿದ ಬಾವಿಗೆ ಕೆಳತನಕ ಪಾವಟಿಗೆಗಳಿವೆ. ಗಣಿಯಲ್ಲಿ ಒಂದೆರಡು ಹಾಸು ಮೊಳಕಾಲುಮಟ್ಟ ಇದ್ದು, ಮುಂದಿನ ಹೆಜ್ಜೆಗೆ ನೆಟ್ಟಗೆ ಎರಡು ಮೂರು ಆಳು ಇಳಿಯುತ್ತದೆ. ಹಾಸಿನ ಮೇಲೆ ಪಾಚಿ. ಹತ್ತಲು ಹಿಡಿಯುವುದಕ್ಕೆ ಹುಲ್ಲಿನ ಗರಿಯೂ ಇಲ್ಲ. ತಳದಲ್ಲಿ ಒಡೆದ ಕಲ್ಲಿನ ಅಂಚುಗಳು. ಮೇಲೆ ನಿಲ್ಲುವವರಿಗೂ ಅಪಾಯವಿದೆ. ಅಡಿಯ ಮೆತ್ತನೆಯ ಪದರು ಕೊಚ್ಚಿಹೋಗಿ ಮೇಲಿನ ಹಾಸು ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ, ಅದು ಮೇಲಿನಿಂದ ಕಾಣುವುದಿಲ್ಲ. ಎಮ್ಮೆ ಮೈ ತೊಳೆಯಲು, ಈಜಲು ಇಳಿದ ಹುಡುಗರು ಹೀಗೆ ಹೊಂಡಗಳಲ್ಲಿ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಓದಿ ಮಡಿಚಿಡುವುದು ನಮಗೆಲ್ಲ ರೂಢಿಯಾಗಿದೆ.

ಇದಕ್ಕೆ ಕಾಯ್ದೆ ಇರಲಿಲ್ಲವೇ? ಇತ್ತು. ಗಣಿಯನ್ನು ಬಿಟ್ಟು ಹೋಗುವ ಮುನ್ನ ಅದರ ಬಾಯಿಗೆ ಬೇಲಿ ಹಾಕಬೇಕೆಂದು 1961ರ ನಿಯಮಾವಳಿ ಹೇಳಿತ್ತು. ಆದರೆ ಅದಕ್ಕೆ ಮೂಲವಾದ 1952ರ ಗಣಿ ಕಾಯ್ದೆಯ 3ನೆಯ ಕಲಮು, ಕಟ್ಟಡದ ಕಲ್ಲು ಮತ್ತು ಸುಣ್ಣಕಲ್ಲು ತೆಗೆಯುವ ತೆರೆದ ಗಣಿ 6 ಮೀಟರಿಗಿಂತ ಆಳವಿಲ್ಲದೆ, 50ಕ್ಕಿಂತ ಹೆಚ್ಚು ಕೆಲಸಗಾರರಿಲ್ಲದೆ, ಮದ್ದು ಸಿಡಿಸದೆ ನಡೆದರೆ ಅದಕ್ಕೆ ಬಹುಪಾಲು ಕಟ್ಟಳೆಗಳಿಂದ ವಿನಾಯಿತಿ ಕೊಟ್ಟಿತ್ತು. ಕೈಯಿಂದ ಕಲ್ಲು ಎಬ್ಬಿಸುವ ಬಡವನ ಗಣಿಗೆ ಕಾಗದಪತ್ರದ ಕಾಟ ತಪ್ಪಲೆಂಬ ಉದ್ದೇಶ ಒಳ್ಳೆಯದೇ. ಆದರೆ 6 ಮೀಟರೆಂದರೆ ಸುಮಾರು 20 ಅಡಿ. ಮುಳುಗಲು ಅದರ ಮೂರರಲ್ಲೊಂದು ಪಾಲು ಸಾಕು.

ಬೇಲಿಗೆ ಸಾಮಾನು ಎಲ್ಲಿಂದ ತರುವುದೆಂಬ ಪ್ರಶ್ನೆಯಂತೂ ಇಲ್ಲ. ಆ ಭಾಗದ ರೈತರು ಹೊಲದ ಬದುವಿಗೆ ಉದ್ದನೆಯ ಪರ್ಸಿಗಳನ್ನೇ ಸಾಲಾಗಿ ನೆಟ್ಟು ನಿಲ್ಲಿಸುತ್ತಾರೆ. ದನ ನುಗ್ಗುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ನಾವು ಒಂದು ಹೊಂಡವನ್ನು ಹೆಜ್ಜೆಯಲ್ಲಿ ಅಳೆದೆವು. ಉದ್ದ ಸುಮಾರು 100 ಅಡಿ, ಅಗಲ 60. ಸುತ್ತಳತೆ 320 ಅಡಿ. ಎರಡಡಿ ಅಗಲದ ಹಾಸುಗಳಾದರೆ 160 ಬೇಕು. ಅಂಚು ಮುರಿದು ಮಾರಾಟಕ್ಕೆ ಬಾರದೆ ಬಿದ್ದ ಅಂಥ ಹಾಸುಗಳನ್ನು ಪಕ್ಕದ ದಿಬ್ಬದಲ್ಲಿ ಎಣಿಸತೊಡಗಿ, ಇನ್ನೂರು ದಾಟಿದ ಮೇಲೆ ಎಣಿಕೆ ಬಿಟ್ಟೆವು.