ಅನೇಕರು ಬಳಸುವ ಗಣಕಯಂತ್ರ: ಹೊಂದಾಣಿಕೆಗಳ ರಕ್ಷಣೆ ಮತ್ತು ನಿರ್ವಹಣೆ

ವಿದ್ಯಾಸಂಸ್ಥೆಗಳಲ್ಲಿ ಗಣಕಯಂತ್ರದ ಬಳಕೆ ಇಂದು ಸರ್ವಸಾಮಾನ್ಯವಾಗಿದೆ. ಲೇಖನ, ಅಂಕಪಟ್ಟಿ, ಲೆಕ್ಕಪತ್ರ ಮೊದಲಾದವುಗಳ ನಕಲನ್ನು ಬೇರೆಡೆ ಕಾಪಾಡಿಡಬೇಕೆಂಬ ಅರಿವೂ ಬಹುಮಟ್ಟಿಗೆ ಮೂಡಿದೆ. ಆದರೆ ಅವನ್ನು ಸಿದ್ಧಪಡಿಸಲು ನೆರವಾದ ತಂತ್ರಾಂಶವು ಯಾವ ರೀತಿಯಲ್ಲಿ ಅಳವಟ್ಟಿತ್ತು ಎಂಬುದನ್ನು ಕಾಪಾಡುವವರು ವಿರಳ. ಕನ್ನಡ ಕೀಲಿಮಣೆಯ ವಿನ್ಯಾಸ, ಅಕ್ಷರದ ಗಾತ್ರ, ಪ್ರಿಂಟರಿನ ಆಯ್ಕೆ, ಪದಪಟ್ಟಿಗೆ ಬಳಕೆದಾರನು ತಾನೇ ಸೇರಿಸಿದ ಶಬ್ದಗಳು, ಬ್ರೌಸರಿನಲ್ಲಿ ಗುರುತಿಟ್ಟ ಪುಟಗಳು, ಇವೇ ಸೆಟ್ಟಿಂಗ್ಸ್ ಎಂದು ವಾಡಿಕೆಯಲ್ಲಿರುವ ಹೊಂದಾಣಿಕೆಗಳು. ಯಂತ್ರ ಕೆಟ್ಟಾಗ ಕಡತಗಳು ಉಳಿದು ಇವು ಅಳಿದರೂ ಕೆಲಸ ಕುಂಟುತ್ತದೆ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಅಕ್ಷರ ಹಿಗ್ಗಿಸುವ ಏರ್ಪಾಡು ಇಲ್ಲವಾದರೆ ಯಂತ್ರವೇ ಇಲ್ಲದಂತೆ.

ಈ ಹೊಂದಾಣಿಕೆಗಳು ಎಲ್ಲಿ ನೆಲೆಸಿರುತ್ತವೆ ಎಂಬುದನ್ನು ಮೊದಲು ತಿಳಿಯಬೇಕು. 1992ರ ವಿಂಡೋಸ್ 3.1ರಲ್ಲಿ ಅವು ಬಹುತೇಕ ವಿನ್.ಐಎನ್ಐ, ಸಿಸ್ಟಮ್.ಐಎನ್ಐ ಮೊದಲಾದ ಸರಳ ಪಠ್ಯಕಡತಗಳಲ್ಲಿದ್ದವು. 1995ರ ವಿಂಡೋಸ್ 95ರಿಂದ ರಿಜಿಸ್ಟ್ರಿ ಎಂಬ ಕೇಂದ್ರಭಂಡಾರವು ಅವುಗಳ ಮುಖ್ಯ ನೆಲೆಯಾಯಿತು. ಇಂದಿನ ವಿಂಡೋಸಿನಲ್ಲಿ ಇಡೀ ಯಂತ್ರಕ್ಕೆ ಅನ್ವಯಿಸುವ ಭಾಗ ಬೇರೆ, ಒಬ್ಬೊಬ್ಬ ಬಳಕೆದಾರನ ಭಾಗ ಬೇರೆ. ಎರಡನೆಯದು ಆಯಾ ಬಳಕೆದಾರನ ಕೋಶದಲ್ಲಿ ಎನ್‌ಟಿಯೂಸರ್.ಡ್ಯಾಟ್ ಎಂಬ ಕಡತವಾಗಿರುತ್ತದೆ. ಇದಲ್ಲದೆ ಅನೇಕ ತಂತ್ರಾಂಶಗಳು ಆಪ್‌ಡೇಟಾ ಎಂಬ ಮರೆಯಾದ ಕೋಶದಲ್ಲಿ ತಮ್ಮ ವಿವರಗಳನ್ನು ಇಡುತ್ತವೆ. ಲಿನಕ್ಸಿನಲ್ಲಿ ಯಂತ್ರದ ಹೊಂದಾಣಿಕೆಗಳು ಎಟ್ಸಿ ಕೋಶದಲ್ಲಿಯೂ, ಬಳಕೆದಾರನವು ಅವನ ಮನೆಕೋಶದಲ್ಲಿ ಚುಕ್ಕೆಯಿಂದ ಆರಂಭವಾಗುವ ಹೆಸರುಗಳಲ್ಲಿಯೂ ಇರುತ್ತವೆ. ಮರೆಯಾಗಿರುವುದರಿಂದಲೇ ಇವು ನಕಲು ಮಾಡುವವರ ಗಮನದಿಂದ ತಪ್ಪಿಹೋಗುತ್ತವೆ.

ನಕಲು ತೆಗೆಯುವಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ತಂತ್ರಾಂಶವು ತೆರೆದಿರುವಾಗ ಅದರ ಕಡತಗಳು ಬದಲಾಗುತ್ತಲೇ ಇರುತ್ತವೆ. ಅರ್ಧ ಬರೆದ ಸ್ಥಿತಿಯಲ್ಲಿ ತೆಗೆದ ನಕಲು ನಿಷ್ಪ್ರಯೋಜಕವಾಗಬಹುದು. ಬಳಕೆದಾರನು ಒಳಬಂದಿರುವಾಗ ಎನ್‌ಟಿಯೂಸರ್.ಡ್ಯಾಟ್ ಬೀಗ ಹಾಕಿದಂತಿರುವುದರಿಂದ, ಅವನು ಹೊರಬಿದ್ದ ಮೇಲೆ ನಕಲು ತೆಗೆಯಬೇಕು, ಇಲ್ಲವೆ ಶ್ಯಾಡೋ ಕಾಪಿ ಎಂಬ ಏರ್ಪಾಡನ್ನು ಬಳಸಬೇಕು. ಎರಡನೆಯದಾಗಿ, ಒಂದಕ್ಕೊಂದು ಹೊಂದಿದ ಕಡತಗಳನ್ನು ಅಗಲಿಸಬಾರದು. ಫೈರ್‌ಫಾಕ್ಸಿನಲ್ಲಿ ಉಳಿಸಿದ ಗುಪ್ತಪದಗಳು ಲಾಗಿನ್ಸ್.ಜೇಸನ್ ಕಡತದಲ್ಲಿದ್ದರೆ ಅವನ್ನು ಬಿಡಿಸುವ ಕೀಲಿ ಕೀ4.ಡಿಬಿ ಎಂಬುದರಲ್ಲಿದೆ, ಒಂದನ್ನೇ ಕಾಪಾಡಿದರೆ ಫಲವಿಲ್ಲ. ಮೂರನೆಯದಾಗಿ, ಪ್ರಧಾನ ಗುಪ್ತಪದವಿಲ್ಲದಿದ್ದಲ್ಲಿ ಈ ಎರಡೂ ಕಡತ ದೊರೆತವನು ಎಲ್ಲ ಗುಪ್ತಪದಗಳನ್ನೂ ಓದಬಲ್ಲನು. ಆದುದರಿಂದ ನಕಲಿಗೂ ಮೂಲದಷ್ಟೇ ಕಾವಲು ಬೇಕು.

ಬಳಕೆದಾರರು ಹಲವರಾದಾಗ ಒಬ್ಬೊಬ್ಬರ ಯಂತ್ರದ ಬಳಿಗೆ ಹೋಗಿ ಸರಿಪಡಿಸುವುದು ಅಸಾಧ್ಯ. ಅಲ್ಲಿ ಹೊಂದಾಣಿಕೆಗಳನ್ನು ಎರಡು ಬಗೆಯಾಗಿ ವಿಂಗಡಿಸುವುದು ಯುಕ್ತ: ಆರಂಭದಲ್ಲಿ ಒದಗಿಸಿ ಬಳಿಕ ಬಳಕೆದಾರನ ಇಚ್ಛೆಗೆ ಬಿಡುವಂಥವು, ಹಾಗೂ ಸಂಸ್ಥೆಯ ನಿಯಮವಾಗಿ ಬದಲಾಗದೆ ಇರಬೇಕಾದಂಥವು. ಮೊದಲ ಬಗೆಗೆ ವಿಂಡೋಸಿನಲ್ಲಿ ಡಿಫಾಲ್ಟ್ ಕೋಶವೂ, ಲಿನಕ್ಸಿನಲ್ಲಿ ಎಟ್ಸಿಯೊಳಗಿನ ಸ್ಕೆಲ್ ಕೋಶವೂ ಮಾದರಿಯಾಗಿವೆ. ಹೊಸ ಬಳಕೆದಾರನಿಗೆ ಇವುಗಳ ಪ್ರತಿಯೇ ದೊರೆಯುತ್ತದೆ. ಮಾದರಿಯನ್ನು ಆಮೇಲೆ ತಿದ್ದಿದರೆ ಹಳೆಯ ಬಳಕೆದಾರರಿಗೆ ಅದು ತಟ್ಟುವುದಿಲ್ಲ. ಎರಡನೆಯ ಬಗೆಗಾಗಿ ವಿಂಡೋಸ್ 2000ದೊಡನೆ ಗ್ರೂಪ್ ಪಾಲಿಸಿ ಎಂಬ ವ್ಯವಸ್ಥೆ ಬಂದಿತು. ಕೇಂದ್ರದಲ್ಲಿ ಒಮ್ಮೆ ಬರೆದ ನಿಯಮವನ್ನು ಯಂತ್ರಗಳು ಸಾಮಾನ್ಯವಾಗಿ 90 ನಿಮಿಷಗಳಿಗೊಮ್ಮೆ ಕೇಳಿ ಪಡೆಯುತ್ತವೆ. ಎಲ್ಲವೂ ಏಕಕಾಲಕ್ಕೆ ಮುತ್ತದಿರಲೆಂದು ಅದಕ್ಕೆ 30 ನಿಮಿಷಗಳವರೆಗಿನ ಅನಿಯತ ಅಂತರವನ್ನು ಸೇರಿಸಲಾಗಿದೆ. ಫೈರ್‌ಫಾಕ್ಸ್ ಸಹ 2018ರ 60ನೆಯ ಆವೃತ್ತಿಯಿಂದ ಪಾಲಿಸೀಸ್.ಜೇಸನ್ ಎಂಬ ಒಂದೇ ಕಡತದ ಮೂಲಕ ಇಂಥ ನಿಯಮಗಳನ್ನು ಸ್ವೀಕರಿಸುತ್ತದೆ.

ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಹೊಂದಾಣಿಕೆಯೇ ದೊರೆಯಲೆಂದು ರೋಮಿಂಗ್ ಪ್ರೊಫೈಲ್ ಎಂಬ ಕ್ರಮವೂ ಉಂಟು. ಒಳಬರುವಾಗ ಸರ್ವರಿನಿಂದ ಬಳಕೆದಾರನ ಕೋಶ ಇಳಿದು ಬರುತ್ತದೆ, ಹೊರಹೋಗುವಾಗ ಮರಳಿ ಸೇರುತ್ತದೆ. ಕೋಶವು ಬೆಳೆದಂತೆ ಕಾಯುವ ಹೊತ್ತೂ ಬೆಳೆಯುತ್ತದೆ. ಎರಡು ಯಂತ್ರಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಿದರೆ, ಕೊನೆಗೆ ಹೊರಬಿದ್ದ ಯಂತ್ರದ ಹೊಂದಾಣಿಕೆಯು ಮೊದಲಿನದನ್ನು ಅಳಿಸಬಹುದು. ಇದು ಅನುಕೂಲವೇ ಹೊರತು ರಕ್ಷಣೆಯಲ್ಲ. ಏಕೆಂದರೆ ಕೆಟ್ಟ ಹೊಂದಾಣಿಕೆಯೂ ಅಷ್ಟೇ ನಿಷ್ಠೆಯಿಂದ ಸರ್ವರನ್ನು ಸೇರುತ್ತದೆ. ಆದ್ದರಿಂದ ದಿನಾಂಕ ನಮೂದಿಸಿದ ಹಲವು ಹಳೆಯ ಪ್ರತಿಗಳನ್ನು ಬೇರೆಯೇ ಇಡತಕ್ಕದ್ದು.

ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯನ್ನು ಕಾಪಾಡುತ್ತದೆಂದು ನಂಬಿರುವವರೂ ಇದ್ದಾರೆ. ಆದರೆ ವಿಂಡೋಸ್ 10ರ 1803ನೆಯ ಆವೃತ್ತಿಯಿಂದ, ಅಂದರೆ 2018ರಿಂದ, ರೆಗ್‌ಬ್ಯಾಕ್ ಕೋಶಕ್ಕೆ ನಕಲು ಹಾಕುವ ಪದ್ಧತಿಯನ್ನು ಸಹಜಸ್ಥಿತಿಯಲ್ಲಿ ನಿಲ್ಲಿಸಲಾಗಿದೆ. ಪರೀಕ್ಷಿಸದೆ ನಂಬಿದ ನಕಲು ಆಪತ್ಕಾಲಕ್ಕೆ ಒದಗದು. ವರ್ಷಕ್ಕೆ ಎರಡು ಬಾರಿಯಾದರೂ ಒಂದು ಬಿಡಿ ಯಂತ್ರದಲ್ಲಿ ನಕಲನ್ನು ಮರುಸ್ಥಾಪಿಸಿ, ಕೀಲಿಮಣೆಯಿಂದ ಪ್ರಿಂಟರಿನವರೆಗೆ ಎಲ್ಲವೂ ಮೊದಲಿನಂತಿದೆಯೇ ಎಂದು ನೋಡಬೇಕು. ಯಾವ ಹೊಂದಾಣಿಕೆಯನ್ನು ಏಕೆ, ಎಂದು ಬದಲಿಸಲಾಯಿತು ಎಂಬುದನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಆ ಹೊಣೆಯನ್ನು ವಹಿಸಿಕೊಳ್ಳುವವರಿಗೆ ಅದೇ ದಾರಿದೀಪ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಅನೇಕರು ದಿನದಿನವೂ ತಿದ್ದಿ ತಮ್ಮದಾಗಿಸಿಕೊಂಡ ವ್ಯವಸ್ಥೆಯನ್ನು ಕೊಳ್ಳಲಾಗದು.