ಕಂಬಳಿಗೂ ಪರೀಕ್ಷೆ!

“ನನ್ನ ಕಂಬಳಿಗೂ ಪರೀಕ್ಷಿ ಐತೇನೋ?” ಅಂತ ಅಪ್ಪ ಕೇಳಿದಾಗ ನನಗೆ ನಗು ಬಂದಿತ್ತು. ಮೂರು ತಿಂಗಳ ಮೇಲೆ “ತಮ್ಮ ಅರ್ಜಿ ಆಯ್ಕೆಯಾಗಿಲ್ಲ” ಎಂಬ ಎರಡು ಸಾಲಿನ ಉತ್ತರ ಬಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ಅಪ್ಪ ಮಾತ್ರ ಕುಣಿಮಗ್ಗದಿಂದ ಮೇಲೆ ಬಾರದೆ, “ಇನ್ನೊಂದು ವರ್ಷ ನೋಡೂನು. ಆಗಲಿಲ್ಲಂದ್ರ ಈ ಕುಣಿ ಮುಚ್ಚಿ ದನ ಕಟ್ಟೂನು” ಅಂದ.

ನಮ್ಮದು ಜತ್ತ ತಾಲೂಕಿನಲ್ಲಿ ಉಮದಿ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಅವ್ವ ಉಣ್ಣೆ ನೂಲುತ್ತಾಳೆ, ಅಪ್ಪ ನೇಯುತ್ತಾನೆ. ಮೊದಲೆಲ್ಲ ಹುಲಜಂತಿಯ ದೀಪಾವಳಿ ಜಾತ್ರೆಗೆ ಹೊರೆ ಹೊತ್ತುಕೊಂಡು ಹೋದರೆ ಖಾಲಿ ಕೈಯಲ್ಲಿ ಬರುತ್ತಿದ್ದೆವು. ಮದುವೆಯಲ್ಲಿ ಹಾಸಲು, ದೇವರ ಗದ್ದಿಗೆಗೆ, ಮಳೆಯಲ್ಲಿ ಕುರಿ ಕಾಯುವವನ ತಲೆಗೆ, ಎಲ್ಲದಕ್ಕೂ ಕಂಬಳಿಯೇ ಬೇಕಿತ್ತು. ಈಗ ಸಂತೆಯಲ್ಲಿ ಪಾಣಿಪತದ ಬ್ಲಾಂಕೆಟ್ ಮುನ್ನೂರು ರೂಪಾಯಿಗೆ ಸಿಗುತ್ತದೆ. ಹಳೇ ಬಟ್ಟೆ ಹರಿದು ಮಾಡಿದ ನೂಲಿನದು, ಆದರೆ ಮೆತ್ತಗೆ, ಬಣ್ಣ ಬಣ್ಣ. ನಮ್ಮ ಕಂಬಳಿಗೆ ನೂಲುವುದೂ ಸೇರಿ ಮನೆಮಂದಿಯ ಎಂಟು-ಹತ್ತು ದಿನ ಹೋಗುತ್ತದೆ. ಲೆಕ್ಕ ಬಲ್ಲ ವ್ಯಾಪಾರಿ ಓದುಗರಿಗೆ ನಾನು ಮುಂದೆ ಹೇಳಬೇಕಾಗಿಲ್ಲ.

ಆಗ ಒಬ್ಬ ಗೆಳೆಯ ಹೇಳಿದ್ದು ಈ ಆಯ್ಕೆಯ ಮೇಳಗಳ ವಿಷಯ. ದುಡ್ಡು ಕಟ್ಟಿದವರಿಗೆಲ್ಲ ಮಳಿಗೆ ಕೊಡುವ ಜಾತ್ರೆ ಬೇರೆ, ಸಮಿತಿ ಕೂತು ಮಾಲು ನೋಡಿ ಆರಿಸುವ ಮೇಳ ಬೇರೆ. 1987ರಲ್ಲಿ ಶುರುವಾದ ಹರಿಯಾಣದ ಸೂರಜ್‌ಕುಂಡ ಮೇಳ, 1994ರ ದಿಲ್ಲಿ ಹಾಟ್, ಅಮೆರಿಕದ ಸಾಂಟಾ ಫೆಯಲ್ಲಿ 2004ರಿಂದ ನಡೆಯುವ ಜಾನಪದ ಕಲಾ ಮಾರುಕಟ್ಟೆ, ಹೀಗೆ ಹೆಸರು ಹೇಳುತ್ತ ಹೋದ. ನಾವು ಅಷ್ಟು ದೂರ ಹಾರಲಿಲ್ಲ. ಹತ್ತಿರದ ನಗರವೊಂದರ ಮೇಳಕ್ಕೆ ಅರ್ಜಿ ಹಾಕಿದೆವು.

ಮೊದಲ ಅರ್ಜಿಯಲ್ಲಿ ನಾನು ಮಾಡಿದ ತಪ್ಪು ಒಂದೆರಡಲ್ಲ. ಮಾಲು ಬಹಳ ಇದ್ದರೆ ಸಮಿತಿಯವರು ಮೆಚ್ಚುತ್ತಾರೆಂದು ಕಂಬಳಿಯ ಜೊತೆ ಗಿರಣಿ ನೂಲಿನ ಶಾಲು, ಮೊಬೈಲ್ ಚೀಲ, ಬಾಗಿಲಿಗೆ ತೂಗುಹಾಕುವ ಗೊಂಡೆ, ಎಲ್ಲ ಕಳಿಸಿದೆ. ಫೋಟೋ ತೆಗೆದದ್ದು ರಾತ್ರಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹೊದಿಸಿ. ಹಿಂದೆ ಗೊಬ್ಬರದಂಗಡಿಯ ಕ್ಯಾಲೆಂಡರ್. ಫ್ಲ್ಯಾಶ್ ಬೆಳಕಿಗೆ ಕರಿ ಕಂಬಳಿ ಕರಿ ಕಲ್ಲಿನ ಹಾಗೆ ಕಂಡಿತ್ತು, ಎಳೆ ಒಂದೂ ಕಾಣಿಸಲಿಲ್ಲ. ಇನ್ನು ಕಸುಬಿನ ಹೆಸರು ಕೇಳಿದ ಕಡೆ ಇಂಗ್ಲಿಷಿನಲ್ಲಿ “ವುಲನ್ ಬ್ಲಾಂಕೆಟ್” ಅಂತ ಬರೆದಿದ್ದೆ. ಅಂದರೆ ಯಾವ ಮಾಲು ನಮ್ಮ ಹೊಟ್ಟೆಯ ಮೇಲೆ ಹೊಡೆದಿತ್ತೋ ಅದರ ಹೆಸರನ್ನೇ ನಮ್ಮದಕ್ಕೆ ಇಟ್ಟಿದ್ದೆ!

ಎರಡನೆಯ ವರ್ಷ ಮೊದಲು ತಿಳಿದುಕೊಂಡೆ, ಆಮೇಲೆ ಬರೆದೆ. ನೋಡುವವರ ಮುಂದೆ ರಾಶಿ ಅರ್ಜಿ ಇರುತ್ತವೆ, ಒಂದೊಂದಕ್ಕೆ ಸಿಗುವುದು ಸ್ವಲ್ಪ ಹೊತ್ತು. ಅಮೆರಿಕದ ಎಷ್ಟೋ ಮೇಳಗಳಲ್ಲಿ ಕಲಾವಿದನ ಹೆಸರು ಮುಚ್ಚಿ ಚಿತ್ರ ಮಾತ್ರ ತೋರಿಸುತ್ತಾರಂತೆ. ನಾಲ್ಕೈದು ಕೃತಿ, ಜೊತೆಗೆ ಮಳಿಗೆ ಹೇಗಿರುತ್ತದೆಂಬ ಒಂದು ಚಿತ್ರ. ಎಲ್ಲವೂ ಒಂದೇ ಕೈಯಿಂದ ಬಂದಂತೆ ಕಾಣಬೇಕು. ಶಾಲು, ಚೀಲ, ಗೊಂಡೆ ತೆಗೆದೆ. ಬಣ್ಣ ಹಾಕದ ಕರಿ, ಕಂದು, ಬೂದಿ ಉಣ್ಣೆಯ ನಾಲ್ಕೇ ಕಂಬಳಿ ಇಟ್ಟೆ. ಮುಂಜಾನೆ ಬೇವಿನ ನೆರಳಿನಲ್ಲಿ ಅಪ್ಪನ ಬಿಳಿ ಧೋತರ ಕಟ್ಟಿ ಅದರ ಮುಂದೆ ಫೋಟೋ ತೆಗೆದೆ. ಅಂಚು ಹತ್ತಿರದಿಂದ ಒಂದು, ಹಾಸಿಗೆ ಹುಣಸೆಬೀಜದ ಗಂಜಿ ಬಳಿಯುವುದು ಒಂದು. ಆ ಗಂಜಿಯ ಚಿತ್ರದಲ್ಲಿ ಅಪ್ಪನ ಕೈ ಮಾತ್ರ ಬಂದಿದೆ, ಮುಖ ಇಲ್ಲ. “ನನ್ನ ಮಾರಿ ಯಾಕ ಬೇಕು, ಕೈ ನೋಡ್ಲಿ” ಅಂದ.

ಹೆಸರಿನ ಜಾಗದಲ್ಲಿ “ಕಂಬಳಿ, ಮರಾಠಿಯಲ್ಲಿ ಘೊಂಗಡಿ” ಎಂದು ಎರಡೂ ಬರೆದೆ. ಒಂದು ಭಾಷೆ ಬಿಟ್ಟರೆ ಅರ್ಧ ಇತಿಹಾಸ ಬಿಟ್ಟಂತೆ. ಇನ್ನೊಂದು ತಕರಾರು ಕೇಳಿ: ಇದು ಕೈಮಗ್ಗವೋ, ಕರಕುಶಲವೋ? ಸರಕಾರದಲ್ಲಿ ಎರಡಕ್ಕೂ ಬೇರೆ ಬೇರೆ ಅಭಿವೃದ್ಧಿ ಆಯುಕ್ತರು, ಗುರುತಿನ ಚೀಟಿಯೂ ಬೇರೆ. ಕುಣಿಯಲ್ಲಿ ಕಾಲಿಟ್ಟು ನೇಯುವವನಿಗೆ ಈ ಭೇದ ಹೇಗೆ ಗೊತ್ತಾಗಬೇಕು? ಮಗ್ಗದ ಮೇಲೆ ಆಗುವುದರಿಂದ ಕೈಮಗ್ಗವೇ ಸರಿ ಎಂದು ತಿಳಿಯಲು ನಾನು ಮೂರು ಕಚೇರಿ ತಿರುಗಿದೆ. ಅರ್ಜಿ ಹಾಕುವವರು ಇದನ್ನು ಮೊದಲೇ ಕೇಳಿಟ್ಟುಕೊಳ್ಳಿರಿ.

ಖರ್ಚಿನ ಮಾತೂ ಹೇಳಿಬಿಡುತ್ತೇನೆ. ಖಾಸಗಿ ಮೇಳಗಳಲ್ಲಿ ಅರ್ಜಿಯ ಶುಲ್ಕ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ, ಆಯ್ಕೆಯಾದ ಮೇಲೆ ಮಳಿಗೆಯ ಬಾಡಿಗೆ ಬೇರೆ. ಸರಕಾರಿ ಮೇಳಗಳಲ್ಲಿ ಪ್ರಯಾಣಭತ್ಯೆ ಸಿಗುವುದುಂಟು. ಸಾಲ ಮಾಡಿ ಹೋಗುವ ಕೆಲಸವಲ್ಲ ಇದು.

ಈ ಸಲ ಮೊದಲು “ಕಾದಿರಿಸಿದ ಪಟ್ಟಿಯಲ್ಲಿದ್ದೀರಿ” ಅಂತ ಬಂತು. ಮೇಳಕ್ಕೆ ಹನ್ನೆರಡು ದಿನ ಇರುವಾಗ ಯಾರೋ ಬರುವುದಿಲ್ಲವೆಂದು ನಮ್ಮನ್ನು ಕರೆದರು. ಮನೆಯಲ್ಲಿದ್ದದ್ದು ಒಂಬತ್ತು ಕಂಬಳಿ. ಹೋದೆವು. ಏಳು ಹೋದವು, ಊರಿನ ಬೆಲೆಯ ಇಮ್ಮಡಿಗೆ. ಎಂಟನೆಯದನ್ನು ಒಬ್ಬಾಕೆ ಮೂಸಿ ನೋಡಿ, “ಕುರಿ ವಾಸನೆ” ಎಂದು ಇಟ್ಟು ಹೋದಳು. ಅಪ್ಪನಿಗೆ ಅದೇನೂ ಬೇಸರವಾಗಲಿಲ್ಲ. “ಮತ್ತ ಏನ್ ಮಲ್ಲಿಗಿ ವಾಸನಿ ಬರತೈತೇನು?” ಅಂದ. ಅವನಿಗೆ ಅರ್ಥವಾಗದ್ದು ಬೇರೆ. “ಆರಿಸಿದವರು ಮುಟ್ಟಿ ನೋಡಿದ್ರೇನು?” “ಇಲ್ಲಪ್ಪ, ಫೋಟೋ ನೋಡಿದ್ರು.” “ಮುಟ್ಟದ ಹೆಂಗ ಗೊತ್ತಾತು?” ನಾನು ಸುಮ್ಮನಾದೆ.

ಕುಣಿ ಇನ್ನೂ ಮುಚ್ಚಿಲ್ಲ. ಆದರೆ ಈಗ ಹೊಸ ಚಿಂತೆ. ನಮ್ಮ ಭಾಗದವರೆಲ್ಲ ಮಾಡಗ್ಯಾಳ ಕುರಿಗೆ ತಿರುಗಿದ್ದಾರೆ. ಎತ್ತರದ ಕುರಿ, ಮಾಂಸಕ್ಕೆ ಒಳ್ಳೆಯ ರೇಟು, ಮೈಮೇಲೆ ಉಣ್ಣೆ ಮಾತ್ರ ಕಡಿಮೆ. ಕರಿ ದಖನಿ ಕುರಿ ಉಳಿಸಿಕೊಂಡವರು ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲವೆಂದು ಕತ್ತರಿಸಿದ್ದನ್ನು ಬೇಲಿಗೆ ಬಿಸಾಡುತ್ತಾರೆ. ತಪ್ಪು ಅವರದೆಂದು ಹೇಳಲು ನನಗೆ ಬಾಯಿಲ್ಲ, ನಾನೂ ಎರಡು ಮಾಡಗ್ಯಾಳ ಮರಿ ಕಟ್ಟಿದ್ದೇನೆ.

ಮುಂದಿನ ಮೇಳದ ಅರ್ಜಿಗೆ ಇನ್ನು ಐದು ವಾರ ಇದೆ. ಅವ್ವನ ಬುಟ್ಟಿಯಲ್ಲಿ ನಾಲ್ಕು ಕಂಬಳಿಗಾಗುವಷ್ಟು ಕರಿ ಉಣ್ಣೆ ಇದೆ. ಕರಿ ಕುರಿ ಇಟ್ಟುಕೊಂಡವರನ್ನು ಹುಡುಕಿಕೊಂಡು ನಾಳೆ ಸಂಖದ ಕಡೆಗೆ ಹೊರಟಿದ್ದೇನೆ.