ಬಾಗಿಲ ಸಂದಿಯಲ್ಲಿ ನಿಂತ ಮಗು

ಆಡುತ್ತಿದ್ದ ಮೂರು ವರ್ಷದ ಮಗು ಇದ್ದಕ್ಕಿದ್ದಂತೆ ಬಾಗಿಲ ಸಂದಿಗೋ ಪರದೆಯ ಮರೆಗೋ ಸರಿಯುತ್ತದೆ. ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಹೆಣೆದು, ಮೈಯನ್ನೆಲ್ಲ ಬಿಗಿ ಹಿಡಿಯುತ್ತದೆ. ಮುಖ ಕೆಂಪೇರುತ್ತದೆ, ಹಣೆ ಬೆವರುತ್ತದೆ. ‘ಪಾಪ, ಎಷ್ಟು ತಿಣುಕುತ್ತಿದೆ, ಆದರೂ ಕಕ್ಕ ಬರುತ್ತಿಲ್ಲ’ ಎಂದು ಮನೆಯವರು ಮರುಗುತ್ತಾರೆ. ಆದರೆ ಮಗು ಆಗ ತಿಣುಕುತ್ತಿರುವುದಿಲ್ಲ. ಬರುವುದನ್ನು ತನ್ನ ಶಕ್ತಿಯನ್ನೆಲ್ಲ ಹಾಕಿ ತಡೆಯುತ್ತಿರುತ್ತದೆ.

ಯಾಕೆ ತಡೆಯುತ್ತದೆ? ಎಂದೋ ಒಂದು ದಿನ ಗಟ್ಟಿ ಮಲ ಹೋಗುವಾಗ ನೋವಾಗಿರುತ್ತದೆ, ಚರ್ಮ ಸೀಳಿ ಉರಿದಿರುತ್ತದೆ. ಅಂಥ ದಿನಗಳು ಹೆಚ್ಚಾಗಿ ಬರುವುದು ಮೂರು ಘಟ್ಟಗಳಲ್ಲಿ: ಎದೆಹಾಲಿನ ಜೊತೆ ಗಟ್ಟಿ ಆಹಾರ ಶುರುವಾದಾಗ, ಕಕ್ಕಸಿಗೆ ಕೂರುವುದನ್ನು ಕಲಿಸುವಾಗ, ಶಾಲೆಗೆ ಹೋಗತೊಡಗಿದಾಗ. ಎರಡು ಮೂರು ವರ್ಷದ ಮಗುವಿನ ಲೆಕ್ಕ ಸರಳ. ಹೋದರೆ ನೋವು, ಹೋಗದಿದ್ದರೆ ನೋವಿಲ್ಲ. ಇದನ್ನು ಹಟವೆಂದು ಕರೆಯುವುದು ದೊಡ್ಡವರ ತಪ್ಪು.

ಗುದದ್ವಾರಕ್ಕೆ ಬಳೆಯಂಥ ಎರಡು ಸ್ನಾಯುಗಳಿವೆ. ಗುದನಾಳ ತುಂಬಿದಾಗ ಒಳಗಿನದು ತಾನಾಗಿ ಸಡಿಲಗೊಳ್ಳುತ್ತದೆ, ನಮ್ಮನ್ನು ಕೇಳುವುದಿಲ್ಲ. ಹೊರಗಿನದು ಮಾತ್ರ ನಮ್ಮ ಹಿಡಿತದಲ್ಲಿದೆ. ಮಗು ಅದನ್ನು ಬಿಗಿ ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಅವಸರ ಅಡಗುತ್ತದೆ. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಮಲ ಒಳಗೆ ಉಳಿದಷ್ಟು ಹೊತ್ತೂ ಅದು ಹೀರುತ್ತಲೇ ಇರುತ್ತದೆ. ನಾಳೆಯ ಮಲ ಇಂದಿನದಕ್ಕಿಂತ ಗಟ್ಟಿ, ನಾಡಿದ್ದಿನದು ಇನ್ನೂ ಗಟ್ಟಿ. ಕೊನೆಗೊಮ್ಮೆ ಹೋಗಲೇಬೇಕಾದಾಗ ಮೊದಲಿಗಿಂತ ಹೆಚ್ಚು ನೋಯುತ್ತದೆ, ‘ನಾನು ಹೆದರಿದ್ದು ಸರಿಯೇ’ ಎಂದು ಮಗುವಿಗೆ ಖಾತ್ರಿಯಾಗುತ್ತದೆ.

ವಾರಗಟ್ಟಲೆ ಹೀಗೇ ನಡೆದರೆ ಗುದನಾಳ ಹಿಗ್ಗುತ್ತದೆ. ಹಿಗ್ಗಿದ ನಾಳಕ್ಕೆ ತುಂಬಿದ್ದು ತಿಳಿಯುವುದಿಲ್ಲ. ಆಗ ಮನೆಯವರನ್ನು ದಿಕ್ಕುತಪ್ಪಿಸುವ ಇನ್ನೊಂದು ತೊಂದರೆ ಕಾಣಿಸುತ್ತದೆ. ಮೇಲಿನಿಂದ ಬರುವ ತೆಳು ಮಲ, ನಡುವೆ ಕೂತ ಗಟ್ಟಿ ಉಂಡೆಯ ಪಕ್ಕದಿಂದ ಜಿನುಗಿ ಚಡ್ಡಿಗೆ ಹತ್ತುತ್ತದೆ. ಇದು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಟ್ಟವರಿದ್ದಾರೆ. ಕೊಟ್ಟರೆ ಕಟ್ಟಿಕೊಂಡದ್ದು ಇನ್ನಷ್ಟು ಬಿಗಿಯುತ್ತದೆ. ‘ಇಷ್ಟು ದೊಡ್ಡವನಾದೆ, ನಾಚಿಕೆಯಾಗಲ್ವಾ’ ಎಂದು ಬೈದವರು, ಹೊಡೆದವರು ಇನ್ನೂ ಹೆಚ್ಚು. ಚಡ್ಡಿ ಕೊಳೆಯಾದದ್ದು ಆ ಮಗುವಿಗೆ ನಿಜವಾಗಿಯೂ ಗೊತ್ತಾಗಿರುವುದಿಲ್ಲ. ತನ್ನ ಅರಿವಿಗೇ ಬಾರದ ತಪ್ಪಿಗೆ ದಿನವೂ ಬೈಸಿಕೊಳ್ಳುವ ಮಗುವಿನ ಮುಖವನ್ನು ಒಮ್ಮೆ ನೆನೆಯಿರಿ. ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತುವುದರಿಂದ ಕೆಲವು ಮಕ್ಕಳು ಹಾಸಿಗೆಯನ್ನೂ ಒದ್ದೆ ಮಾಡುತ್ತಾರೆ, ಹೊಟ್ಟೆ ಭಾರವಾಗಿ ಊಟ ಬಿಡುತ್ತಾರೆ.

ಮೊದಲು ಹೋಗಬೇಕಾದದ್ದು ನೋವು. ಕಟ್ಟಿಕೊಂಡ ಉಂಡೆಯನ್ನು ಪಪ್ಪಾಯಿ, ಸೊಪ್ಪು, ನೀರು ಇಷ್ಟರಿಂದಲೇ ಕರಗಿಸಲಾಗದು. ಮಕ್ಕಳ ವೈದ್ಯರ ಬಳಿ ಹೋಗಬೇಕು. ಅವರು ಹೆಚ್ಚಾಗಿ ಬರೆದುಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ ಅಥವಾ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ಪು. ಎರಡೂ ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತವೆ. ಪುಡಿಯನ್ನು ಮೊದಲ 3ರಿಂದ 6 ದಿನ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ಕರುಳನ್ನು ಖಾಲಿ ಮಾಡಿಸುತ್ತಾರೆ, ಆಮೇಲೆ ಕಡಿಮೆ ಪ್ರಮಾಣದಲ್ಲಿ ಕನಿಷ್ಠ 2 ತಿಂಗಳು ಮುಂದುವರಿಸುತ್ತಾರೆ. ಬಹಳ ಮನೆಗಳು ಎಡವುವುದು ಇಲ್ಲಿಯೇ. ವಾರದಲ್ಲಿ ಸರಿಯಾಯಿತೆಂದು, ಔಷಧ ಅಭ್ಯಾಸವಾಗಿಬಿಟ್ಟೀತೆಂದು ನಿಲ್ಲಿಸುತ್ತಾರೆ. ಈ ಔಷಧಗಳಿಗೆ ಕರುಳು ದಾಸನಾಗುವುದಿಲ್ಲ. ಹಿಗ್ಗಿದ ನಾಳ ಮೊದಲಿನಂತಾಗಲು, ಮಗು ನೋವನ್ನು ಮರೆಯಲು ತಿಂಗಳುಗಳೇ ಬೇಕು. ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು.

ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಹಿಂದಿನಿಂದ ತೂರಿಸುವ ರೂಢಿ ನಮ್ಮಲ್ಲಿದೆ, ಸೋಪಿನ ಚೂರು ಇಡುವವರೂ ಇದ್ದಾರೆ. ದಯವಿಟ್ಟು ಬೇಡ. ಎಲ್ಲಿ ನೋಯುತ್ತದೆಂದು ಮಗು ಹೆದರಿದೆಯೋ ಅಲ್ಲಿಗೇ ಕೈಹಾಕಿದಂತಾಗುತ್ತದೆ.

ಹಿರಿಯರ ಇನ್ನೊಂದು ರೂಢಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಅಜ್ಜಿಯರು ಕಾಲು ಚಾಚಿ ಕೂತು, ತಮ್ಮ ಎರಡು ಪಾದಗಳ ಮೇಲೆ ಕೂಸನ್ನು ಕುಕ್ಕರಗಾಲಲ್ಲಿ ಕೂರಿಸುತ್ತಿದ್ದರು. ಹಾಗೆ ಮಂಡಿ ಮೇಲೆ ಬಂದಾಗ ಗುದನಾಳದ ತಿರುವು ನೆಟ್ಟಗಾಗುತ್ತದೆ, ಕೂಸಿಗೆ ಆಸರೆಯೂ ಇರುತ್ತದೆ. ದೊಡ್ಡವರ ಕಮೋಡಿನ ಮೇಲೆ ಕಾಲು ನೇತಾಡಿಸಿ ಕೂತ ಮಗುವಿಗೆ ಬೀಳುವ ಭಯ, ಮೈಯೆಲ್ಲ ಬಿಗಿ. ಪಾದದಡಿ ಒಂದು ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರಲಿ. ಹೊಟ್ಟೆಗೆ ಊಟ ಬಿದ್ದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ತಿಂಡಿ, ಊಟ ಆದ ಅರ್ಧ ಗಂಟೆಯೊಳಗೆ 5ರಿಂದ 10 ನಿಮಿಷ ಕೂರಿಸಿದರೆ ಸಾಕು. ಬಲೂನು ಊದಲು ಕೊಡಿ, ಊದುವಾಗ ಹೊಟ್ಟೆ ತಾನೇ ಒತ್ತುತ್ತದೆ. ಕೂತದ್ದಕ್ಕೆ ಮೆಚ್ಚಿ, ಕಕ್ಕ ಬಾರದಿದ್ದರೂ ಮೆಚ್ಚಿ.

ಡೈಪರ್ ಹಾಕಿದರೆ ಮಾತ್ರ ಹೋಗುತ್ತೇನೆನ್ನುವ ಮಕ್ಕಳಿದ್ದಾರೆ. ಹಾಕಿಬಿಡಿ. ಕಕ್ಕಸಿನ ತರಬೇತಿ ಕೆಲವು ತಿಂಗಳು ತಡವಾದರೆ ನಷ್ಟವೇನೂ ಇಲ್ಲ. ಮೊದಲು ಡೈಪರಿನಲ್ಲೇ ಬಚ್ಚಲುಮನೆಯೊಳಗೆ, ಆಮೇಲೆ ಡೈಪರಿನಲ್ಲೇ ಕಮೋಡಿನ ಮೇಲೆ, ಹೀಗೆ ಹೆಜ್ಜೆ ಹೆಜ್ಜೆಯಾಗಿ. ದಿನವಿಡೀ ಹಾಲನ್ನೇ ಕುಡಿಯುವ ಮಗುವಾದರೆ ಹಾಲು ಇಳಿಸಿ, ಹಣ್ಣು, ತರಕಾರಿ, ರಾಗಿ, ಕಾಳುಗಳಿಗೆ ಹೊಟ್ಟೆಯಲ್ಲಿ ಜಾಗ ಮಾಡಿ.

ಹೀಗೆ ಮಲ ಕಟ್ಟಿಕೊಳ್ಳುವ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಬೇರೆ ಕಾಯಿಲೆ ಇರುವುದಿಲ್ಲ. ಆದರೆ ಹುಟ್ಟಿ 48 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗಿರದಿದ್ದರೆ, ತೂಕ ಏರದಿದ್ದರೆ, ಹೊಟ್ಟೆಯುಬ್ಬರದ ಜೊತೆ ಹಸಿರು ವಾಂತಿಯಿದ್ದರೆ, ಕಾಲುಗಳಲ್ಲಿ ಬಲ ಕಡಿಮೆಯಿದ್ದರೆ ತಡಮಾಡದೆ ತೋರಿಸಿ. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ವಿವರಿಸಿದ, ಕರುಳಿನ ಕೊನೆಯಲ್ಲಿ ನರಕೋಶಗಳೇ ಇಲ್ಲದ ಹುಟ್ಟುದೋಷವೂ ಅಂಥ ಕಾಯಿಲೆಗಳಲ್ಲಿ ಒಂದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಮಗು ಶಾಲೆಗೆ ಹೋಗುತ್ತಿದ್ದರೆ ಅಲ್ಲಿನ ಕಕ್ಕಸನ್ನು ನೀವೇ ಒಮ್ಮೆ ಹೋಗಿ ನೋಡಿ. ಬಾಗಿಲಿಗೆ ಚಿಲಕವಿದೆಯೇ, ನಲ್ಲಿಯಲ್ಲಿ ನೀರಿದೆಯೇ, ಬೆರಳೆತ್ತಿದ ಮಗುವನ್ನು ಮಿಸ್ಸು ಕೂಡಲೇ ಕಳಿಸುತ್ತಾರೆಯೇ ಎಂದು ಕೇಳಿಕೊಂಡು ಬನ್ನಿ. ಎರಡು ಸಲ ಬೇಡವೆನ್ನಿಸಿಕೊಂಡ ಮಗು ಮೂರನೆಯ ಸಲ ಕೇಳುವುದಿಲ್ಲ, ಸಂಜೆಯವರೆಗೂ ತಡೆಹಿಡಿದು ಕೂರುತ್ತದೆ.